ಪಾಲು ಹೋದ ಮೇಲೆ ಜೇನುಗೂಡಿನಲ್ಲಿ

(ದ್ವಿತೀಯ ಬಿ. ಎ. ವರ್ಗದ ವಿದ್ಯಾರ್ಥಿಯೊಬ್ಬನ ಅಭ್ಯಾಸ ಲೇಖನ)

'ಪಾಲು' ಎಂಬ ಶಬ್ದ ಬಂದರೆ ನಮ್ಮ ಕಡೆಯ ಮನೆಗಳಲ್ಲಿ ಮಾತು ತಟ್ಟನೆ ನಿಂತುಬಿಡುತ್ತದೆ. ಹೊಲ ಪಾಲಾಯಿತು, ಮನೆ ಪಾಲಾಯಿತು, ಅಣ್ಣತಮ್ಮಂದಿರು ಬೇರೆಯಾದರು ಎಂದರೆ ಒಂದು ಮನೆತನದ ಕಥೆ ಮುಗಿಯಿತೆಂದೇ ಹಿರಿಯರು ತಿಳಿಯುತ್ತಾರೆ. ಜೇನು ಸಾಕುವವರೂ ಇದೇ ಶಬ್ದವನ್ನು ಬಳಸುತ್ತಾರೆಂಬುದು ಎರಡು ವರ್ಷಗಳ ಹಿಂದಿನವರೆಗೆ ನನಗೆ ಗೊತ್ತಿರಲಿಲ್ಲ. ತುಂಬಿದ ಗೂಡಿನಿಂದ ರಾಣಿಯು ಸುಮಾರು ಅರ್ಧಕ್ಕೂ ಮಿಕ್ಕಿ ಹುಳಗಳನ್ನು ಕಟ್ಟಿಕೊಂಡು ಹೊರಬಿದ್ದು, ಬೇರೆ ಮನೆ ಹುಡುಕಿಕೊಂಡು ಹೋದರೆ 'ಜೇನು ಪಾಲಾಯಿತು' ಎನ್ನುವರು.

ಹೊರಟುಹೋದ ಹಿಂಡಿನ ವಿಷಯವಾಗಿ ಪುಸ್ತಕಗಳಲ್ಲಿ ಬಹಳ ಬರೆದಿದ್ದಾರೆ. ಆಕಾಶದಲ್ಲಿ ಹೊರಳುತ್ತ ಹೋಗುವ ಆ ಹುಳಗಳ ಮೋಡ ಯಾರ ಕಣ್ಣಿಗಾದರೂ ಬೀಳುವಂಥದು. ಆದರೆ ಹಿಂದೆ ಉಳಿದ ಗೂಡಿನ ಗತಿಯೇನು? ತಾಯಿಯಿಲ್ಲದ ಆ ಮನೆ ಎಷ್ಟು ದಿನ ನಿಂತೀತು? ಈ ಪ್ರಶ್ನೆ ನಮ್ಮ ಮನೆಯಲ್ಲಿ ಒಂದು ಸಲ ಬಹು ಗಂಭೀರವಾಗಿ ಎದ್ದಿತು. ಅದಕ್ಕೆ ಉತ್ತರ ಸಿಗಲು ಮೂರು ವಾರ ಹಿಡಿಯಿತು. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಇತಿಹಾಸ, ಅರ್ಥಶಾಸ್ತ್ರ ಓದುವವನು. ಆದರೂ ಆ ದಿನಗಳಲ್ಲಿ ನೋಟುಬುಕ್ಕಿನಲ್ಲಿ ಬರೆದಿಟ್ಟುದನ್ನೂ ಅನಂತರ ಓದಿ ತಿಳಿದುದನ್ನೂ ಕೂಡಿಸಿ, ನನ್ನ ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡುತ್ತಿದ್ದೇನೆ.

ನಮ್ಮ ಹಿತ್ತಲಿನ ಪೆಟ್ಟಿಗೆ

ನಮ್ಮೂರು ಕರ್ಜಗಿ. ಹಾವೇರಿಯಿಂದ ಹುಬ್ಬಳ್ಳಿಯ ಕಡೆಗೆ ರೈಲಿನಲ್ಲಿ ಹೊರಟವರಿಗೆ ಸಿಗುವ ಸಣ್ಣ ನಿಲ್ದಾಣ. ಊರಿಗೆ ವರದಾ ನದಿ ಸಮೀಪ. ಸುತ್ತಲಿನ ಹೊಲಗಳಲ್ಲಿ ಗೋವಿನಜೋಳ, ಹತ್ತಿ, ಮೆಣಸಿನಕಾಯಿ. ಬದುವಿನಲ್ಲಿ ಬೇವು, ಹೊಂಗೆ, ಹುಣಸೆ. ಇಂಥ ಊರಿನಲ್ಲಿ ಜನರಿಗೆ ಚೆನ್ನಾಗಿ ಗೊತ್ತಿರುವದು ಹೆಜ್ಜೇನು. ದೊಡ್ಡ ಮರದ ಕೊಂಬೆಗೋ ನೀರಿನ ಟಾಕಿಯ ಕೆಳಗೋ ಒಂದೇ ದೊಡ್ಡ ಎರಿ ಕಟ್ಟಿ, ಕಲ್ಲೆಸೆದ ಹುಡುಗರನ್ನು ಊರೆಲ್ಲ ಓಡಾಡಿಸುವ ಜೇನು ಅದು. ಬೇಲಿಯ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುವ ಕೋಲುಜೇನೂ ಉಂಟು. ಆದರೆ ಪೆಟ್ಟಿಗೆಯಲ್ಲಿ ನಿಲ್ಲುವದು ಇವೆರಡೂ ಅಲ್ಲ. ಮರದ ಪೊಟರೆಯಲ್ಲಿ, ಹುತ್ತದಲ್ಲಿ, ಹಳೆಯ ಗೋಡೆಯ ಸಂದಿಯಲ್ಲಿ ಕತ್ತಲೆ ನೋಡಿಕೊಂಡು ಸಾಲಾಗಿ ಹಲವು ಎರಿ ಕಟ್ಟುವ ತುಡುವೆ ಜೇನು ಮನುಷ್ಯನ ಪೆಟ್ಟಿಗೆಗೆ ಒಗ್ಗುತ್ತದೆ.

ಸಿರಸಿಯ ಕಡೆಯ ಬೀಗರೊಬ್ಬರು ನಮ್ಮ ಕಾಕಾನಿಗೆ ಇಂಥದೊಂದು ತುಡುವೆ ಪೆಟ್ಟಿಗೆಯನ್ನು ಕೊಟ್ಟಿದ್ದರು. ಕೆಳಗೆ ಸಂಸಾರದ ಕೋಣೆ, ಮೇಲೆ ತುಪ್ಪದ ಕೋಣೆ. ಒಳಗೆ ಎತ್ತಿ ನೋಡಬಹುದಾದ ಕಟ್ಟಿಗೆಯ ಚೌಕಟ್ಟುಗಳು. ಎರಿಎರಿಗಳ ನಡುವೆ ಹುಳಗಳು ಓಡಾಡಲು ಬೇಕಾದಷ್ಟೇ ಸಂದು ಬಿಟ್ಟರೆ ಅವು ಅದನ್ನು ಮೇಣದಿಂದ ಮುಚ್ಚುವದಿಲ್ಲವೆಂಬ ಗುಟ್ಟನ್ನು ೧೮೫೧ರಲ್ಲಿ ಅಮೇರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ ಕೆಲಸಕ್ಕೆ ತಂದನು. ನಮ್ಮ ಸಣ್ಣ ತುಡುವೆಗೆ ತಕ್ಕ ಅಳತೆಯ ಪೆಟ್ಟಿಗೆಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಿರುಚಿರಾಪಳ್ಳಿಯ ನ್ಯೂಟನ್ ಎಂಬ ಪಾದ್ರಿ ರೂಪಿಸಿದನು. ಅವನ ಹೆಸರಿನ ಪೆಟ್ಟಿಗೆ ದಕ್ಷಿಣದಲ್ಲೆಲ್ಲ ಹಬ್ಬಿದೆ.

ಆ ವರ್ಷವೇ ನಮ್ಮ ಮನೆಯಲ್ಲಿಯೂ ಪಾಲಿನ ಮಾತು ಸುರುವಾಗಿತ್ತು. ಅಪ್ಪನೂ ಕಾಕಾನೂ ಜಗಳವಾಡಲಿಲ್ಲ. ಆದರೆ ಮನೆ ಸಾಲದಾಗಿತ್ತು. ಹೊಲವನ್ನು ಅಳೆಯಬಹುದು, ಪಾತ್ರೆ ಪಗಡಿಗಳನ್ನು ಎಣಿಸಬಹುದು. ಜೇನುಪೆಟ್ಟಿಗೆಯನ್ನು ಹೇಗೆ ಹಂಚುವದು? ಒಳಗಿನ ತುಪ್ಪವನ್ನು ಹಿಂಡಿದರೆ ಬಾಟಲಿಯಲ್ಲಿ ಅಳೆಯಬಹುದು. ಹುಳಗಳ ಸಂಸಾರವನ್ನು ಅಳೆಯಲಾಗದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಮೊದಲ ದಿನ

ಶಿವರಾತ್ರಿಗೆ ಐದು ದಿನಗಳಿದ್ದವು. ಮಾವು ಹೂ ಬಿಟ್ಟಿತ್ತು, ಹೊಲದಲ್ಲಿ ಕುಸುಬೆ ಅರಳಿತ್ತು. ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಅವ್ವ ಹಿತ್ತಲಿನಿಂದ ಕೂಗಿದಳು: "ತಮ್ಮಾ, ಹುಳಾ ಎಲ್ಲಾ ಹೊಂಟಾವ, ಲಗೂನ ಬಾರೋ!" ನಾನು ಓಡಿಹೋಗಿ ನೋಡಿದರೆ ಪೆಟ್ಟಿಗೆಯ ಬಾಗಿಲಿನಿಂದ ಹುಳಗಳು ಚೀಲದ ಬಾಯಿ ಬಿಚ್ಚಿ ಜೋಳ ಸುರಿದಂತೆ ಸುರಿಯುತ್ತಿದ್ದವು. ಹಿತ್ತಲೆಲ್ಲ ಗುಂಯ್‌ಗುಡುತ್ತಿತ್ತು. ಆದರೂ ಒಂದು ಹುಳವೂ ಕಚ್ಚಲಿಲ್ಲ. ಪ್ರಯಾಣಕ್ಕೆ ಹೊರಡುವ ಮೊದಲು ಅವು ಹೊಟ್ಟೆತುಂಬ ತುಪ್ಪ ಕುಡಿದುಕೊಂಡಿರುತ್ತವೆ. ಕಾಯಬೇಕಾದ ಮನೆಯೂ ಆಗ ಅವಕ್ಕೆ ಇರುವದಿಲ್ಲ. ಕಾಲು ಗಂಟೆಯಲ್ಲಿ ಹಿಂಡೆಲ್ಲ ಬೇವಿನ ಕೊಂಬೆಗೆ ಗಡ್ಡದಂತೆ ಜೋತುಬಿದ್ದಿತು.

ಅಲ್ಲಿಂದ ಹಿಂಡು ಹೇಗೆ ಮನೆ ಹುಡುಕುವದೆಂಬುದೇ ಒಂದು ದೊಡ್ಡ ಕಥೆ. ಅನುಭವಸ್ಥ ಹುಳಗಳು ನಾಲ್ಕೂ ದಿಕ್ಕಿಗೆ ಹೋಗಿ ಪೊಟರೆಗಳನ್ನು ನೋಡಿಬಂದು, ಹಿಂಡಿನ ಮೈಮೇಲೆಯೇ ಕುಣಿದು ದಿಕ್ಕನ್ನೂ ದೂರವನ್ನೂ ಹೇಳುತ್ತವೆ. ಜೇನಿನ ಕುಣಿತದ ಅರ್ಥವನ್ನು ಬಿಡಿಸಿದ ಕಾರ್ಲ್ ಫೋನ್ ಫ್ರಿಶ್ ಎಂಬ ವಿದ್ವಾಂಸನಿಗೆ ೧೯೭೩ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಅವನ ಶಿಷ್ಯ ಲಿಂಡಾವರ್ ೧೯೪೯ರಲ್ಲಿ, ಯುದ್ಧದಲ್ಲಿ ಹಾಳಾಗಿದ್ದ ಮ್ಯೂನಿಕ್ ನಗರದಲ್ಲಿ, ಮೈಗೆ ಮಸಿಯನ್ನೂ ಇಟ್ಟಿಗೆಯ ಪುಡಿಯನ್ನೂ ಮೆತ್ತಿಕೊಂಡು ಬಂದು ಕುಣಿಯುವ ಹುಳಗಳನ್ನು ಕಂಡು, ಇವು ಹೂವಿನಿಂದ ಬಂದವಲ್ಲ, ಮನೆ ನೋಡಿಬಂದವು ಎಂದು ಊಹಿಸಿದನು. ನಮ್ಮ ಹಿಂಡು ಮರುದಿನ ಹೊತ್ತೇರುವವರೆಗೆ ಬೇವಿನಲ್ಲಿದ್ದು, ಕಾಕಾ ಬುಟ್ಟಿ ತರುವಷ್ಟರಲ್ಲಿ ಎದ್ದು ವರದೆಯ ಕಡೆಗೆ ಹೊರಟುಹೋಯಿತು. ಅದರ ಕಥೆ ನನಗೆ ಅಲ್ಲಿಗೇ ಮುಗಿಯಿತು. ನನ್ನ ಲೇಖನವಿರುವದು ಉಳಿದ ಪೆಟ್ಟಿಗೆಯ ಮೇಲೆ.

ಹಿಂದೆ ಉಳಿದದ್ದೇನು?

ಪಾಲು ಹೋದ ದಿನವೇ ಸಂಜೆ ಪೆಟ್ಟಿಗೆಯ ಮುಚ್ಚಳ ತೆಗೆದೆವು. ಬೆಳಿಗ್ಗೆ ಎರಿ ಕಾಣದಷ್ಟು ದಟ್ಟವಾಗಿದ್ದ ಹುಳಗಳು ಈಗ ತೆಳುವಾಗಿ ಚದುರಿದ್ದವು. ಕಾಕಾ ನಿಟ್ಟುಸಿರು ಬಿಟ್ಟನು: "ತಾಯಿನ ಹೋದ ಮ್ಯಾಲೆ ಮನ್ಯಾಗ ಏನ್ ಉಳೀತೋ ತಮ್ಮಾ?"

ಉಳಿದದ್ದನ್ನು ನಾನು ಬರೆದುಕೊಂಡೆನು. ಮೇಲಿನ ಕೋಣೆಯಲ್ಲಿ ಸಾಕಷ್ಟು ತುಪ್ಪ. ಕೆಳಗಿನ ಎರಿಗಳಲ್ಲಿ ಮೇಣದ ಮುಚ್ಚಳ ಹಾಕಿದ ಮರಿ ಬೇಕಾದಷ್ಟು. ಹಾರಾಟ ಬಲ್ಲ ಕೆಲವು ಹುಳ, ಮರಿ ಸಾಕುವ ವಯಸ್ಸಿನ ಎಳೆಯ ಹುಳ ಬಹಳ. ಗಂಡು ಹುಳ ಕೆಲವು ನೂರು. ಎಲ್ಲಕ್ಕೂ ಮಿಗಿಲಾಗಿ, ಎರಿಗಳ ಕೆಳ ಅಂಚಿನಲ್ಲಿ ಶೇಂಗಾಕಾಯಿಯಂತೆ ತಲೆಕೆಳಗಾಗಿ ಜೋತಾಡುವ ಏಳು ಕೋಶಗಳು. ಅವು ರಾಣಿಯ ಕೋಶಗಳು.

ಈ ರಾಣಿಯ ಕೋಶದ ವಿಷಯ ತಿಳಿದರೆ ಅರ್ಧ ಗುಟ್ಟು ತಿಳಿದಂತೆ. ರಾಣಿಯಾಗುವ ತತ್ತಿಗೂ ದುಡಿಯುವ ಹುಳವಾಗುವ ತತ್ತಿಗೂ ಭೇದವಿಲ್ಲ. ಎರಡೂ ಒಬ್ಬ ತಾಯಿಯ ಫಲಿತ ತತ್ತಿಗಳೇ. ಮೂರು ದಿನಕ್ಕೆ ತತ್ತಿಯೊಡೆದು ಬರುವ ಮರಿಹುಳಕ್ಕೆ ಎಳೆಯ ದಾದಿಗಳು ತಮ್ಮ ತಲೆಯ ಗ್ರಂಥಿಗಳಲ್ಲಿ ಹುಟ್ಟುವ ಹಾಲಿನಂಥ ರಸವನ್ನು ಉಣಿಸುವರು. ಸಾಮಾನ್ಯ ಮರಿಗೆ ಈ ರಸ ಮೊದಲ ಎರಡು ಮೂರು ದಿನ ಮಾತ್ರ; ಅನಂತರ ಪರಾಗ, ತುಪ್ಪ ಬೆರೆಸಿದ ಆಹಾರ. ರಾಣಿಯ ಕೋಶದಲ್ಲಿರುವ ಮರಿಗೆ ಮಾತ್ರ ಕೊನೆಯವರೆಗೂ ಅದೇ ರಸ, ಅದೂ ಈಜಾಡುವಷ್ಟು. ಈ ಊಟದ ವ್ಯತ್ಯಾಸದಿಂದಲೇ ಒಂದು ಕೆಲವು ವಾರ ದುಡಿದು ಸಾಯುವ ಹುಳವಾಗುತ್ತದೆ. ಇನ್ನೊಂದು ವರ್ಷಗಟ್ಟಲೆ ಬಾಳಿ ತತ್ತಿಯಿಡುವ ತಾಯಿಯಾಗುತ್ತದೆ. ತತ್ತಿಯಿಟ್ಟಂದಿನಿಂದ ರಾಣಿ ಹೊರಬರಲು ಸುಮಾರು ೧೫-೧೬ ದಿನ ಸಾಕು. ದುಡಿಯುವ ಹುಳಕ್ಕೆ ನಮ್ಮ ತುಡುವೆಯಲ್ಲಿ ಸುಮಾರು ೧೮ರಿಂದ ೨೦ ದಿನ. ಗಂಡು ಹುಳಕ್ಕೆ ೨೪ ದಿನ. ಈ ಮೂರು ಅಂಕೆಗಳನ್ನು ನೋಟುಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದುಕೊಂಡೆನು. ಮುಂದೆ ನನ್ನನ್ನು ಕಾಪಾಡಿದವು ಈ ಅಂಕೆಗಳೇ.

ರಾಣಿಯ ಕೋಶದ ಬಾಯಿಗೆ ಮೇಣ ಮುಚ್ಚುವ ಹೊತ್ತಿಗೇ ಸಾಮಾನ್ಯವಾಗಿ ಹಳೆಯ ರಾಣಿ ಹೊರಡುವಳು. ಅಂದರೆ ಅವಳು ಮನೆ ಬಿಡುವಾಗ ಮನೆಯಲ್ಲಿ ರಾಣಿಯಿಲ್ಲ. ರಾಣಿಯಾಗುವವಳು ಇನ್ನೂ ತೊಟ್ಟಿಲಿನಲ್ಲಿ ಮಲಗಿದ್ದಾಳೆ. ಕಟ್ಟಿದ ಮನೆ, ತುಂಬಿದ ಕಣಜ, ಹುಟ್ಟಲಿರುವ ಮಕ್ಕಳು—ಎಲ್ಲವನ್ನೂ ಕಣ್ಣು ತೆರೆಯದ ಮಗಳಿಗೆ ಬಿಟ್ಟು, ಹೊಟ್ಟೆಯಲ್ಲಿ ಹಿಡಿಸುವಷ್ಟು ತುಪ್ಪದೊಡನೆ ಮುದಿತಾಯಿ ಬಯಲಿಗೆ ಬೀಳುತ್ತಾಳೆ. ನಮ್ಮಲ್ಲಿ ಬೇರೆಯಾಗುವವರು ಮಕ್ಕಳು. ಜೇನಿನಲ್ಲಿ ಬೇರೆಯಾಗಿ ಹೋಗುವವಳು ತಾಯಿ. ಕಾಕಾ 'ಏನುಳಿಯಿತು' ಎಂದು ಕೇಳಿದನಷ್ಟೆ. ಉಳಿದದ್ದೇ ಆಸ್ತಿ, ಹೋದದ್ದು ಸಾಹಸ.

ಏಳನೆಯ ರಾತ್ರಿ

ಮುಂದಿನ ಒಂದು ವಾರ ಪೆಟ್ಟಿಗೆ ದಿನದಿನಕ್ಕೆ ತುಂಬುತ್ತ ಬಂದಂತೆ ಕಂಡಿತು. ಹಳೆಯ ತಾಯಿಯ ಮುಚ್ಚಿದ ಮರಿಗಳು ಒಂದೊಂದಾಗಿ ಮುಚ್ಚಳ ಕಡಿದು ಹೊರಬರುತ್ತಿದ್ದವು.

ಏಳನೆಯ ದಿನ ರಾತ್ರಿ ಪೆಟ್ಟಿಗೆಗೆ ಕಿವಿಯಿಟ್ಟೆನು. ಎಂದಿನ ಗುಂಯ್‌ಕಾರದ ಮೇಲೆ ಬೇರೊಂದು ಸಣ್ಣ ಸ್ವರ ಕೇಳಿಸಿತು—ಪೀಪಿಯನ್ನು ಬಹು ದೂರದಲ್ಲಿ ಬಿಟ್ಟು ಬಿಟ್ಟು ಊದಿದ ಹಾಗೆ. ಮೈ ಜುಮ್ಮೆಂದಿತು. ಹುಟ್ಟಿದ ಮೊದಲ ರಾಜಕುಮಾರಿಯ ಕೂಗು ಅದು. ಈ ಸ್ವರವನ್ನು ಇಂಗ್ಲಂಡಿನ ಚಾರ್ಲ್ಸ್ ಬಟ್ಲರ್ ೧೬೦೯ರ ತನ್ನ ಜೇನಿನ ಪುಸ್ತಕದಲ್ಲಿಯೇ ವರ್ಣಿಸಿದ್ದಾನೆ. ರಾಣಿ ಬಾಯಿಂದ ಕೂಗುವದಿಲ್ಲ. ಎದೆಯನ್ನು ಎರಿಗೆ ಒತ್ತಿ, ರೆಕ್ಕೆ ಬಿಚ್ಚದೆ ರೆಕ್ಕೆಯ ಸ್ನಾಯುಗಳನ್ನು ಕಂಪಿಸುವಳು. ಕಂಪನ ಮೇಣದಲ್ಲಿ ಹರಿಯುವದು. ಉಳಿದ ಹುಳಗಳು ಅದನ್ನು ಕಾಲಿನಿಂದ ಕೇಳುವವು! ಯುರೋಪಿನ ಜೇನಿನಲ್ಲಿ, ಕೋಶದೊಳಗೆ ಇನ್ನೂ ಮುಚ್ಚಿಕೊಂಡಿರುವ ಅಕ್ಕತಂಗಿಯರು ಬೇರೆ ರಾಗದಲ್ಲಿ ಮರುದನಿ ಕೊಡುವದೂ ಉಂಟು. ದುಡಿಯುವ ಹುಳಗಳು ಈ ಸ್ವರಗಳನ್ನು ಕೇಳಿ ಒಳಗಿನವರನ್ನು ಹೊರಬಿಡದೆ ಕೋಶದಲ್ಲಿಯೇ ತಡೆಯುವವು, ಸಣ್ಣ ರಂಧ್ರದ ಮೂಲಕ ಅವರಿಗೆ ಉಣಿಸುವವು. ಒಂದೇ ಹೊತ್ತಿನಲ್ಲಿ ಇಬ್ಬರು ಹೊರಬಂದರೆ ರಕ್ತಪಾತವಾದೀತೆಂದು ತಡೆದು, ಇನ್ನೊಂದು ಪಾಲಿಗೆ ಅವಕಾಶ ಉಳಿಸಿಕೊಳ್ಳುವ ಉಪಾಯವಿದು.

ಹಾಗೆಯೇ ಆಯಿತು. ಎಂಟನೆಯ ದಿನ ಮಧ್ಯಾಹ್ನ ಎರಡನೆಯ ಪಾಲು ಹೊರಬಿದ್ದಿತು. ಇದು ಮೊದಲಿನದಕ್ಕಿಂತ ಬಹಳ ಸಣ್ಣದು. ನುಗ್ಗೆಯ ಮರದಲ್ಲಿ ತೆಂಗಿನಕಾಯಿಯಷ್ಟು ಗಾತ್ರವಾಗಿ ಕೂತು ಎದ್ದುಹೋಯಿತು. ಇದರೊಡನೆ ಹೋಗುವವಳು ಮುದಿತಾಯಿಯಲ್ಲ, ಗಂಡನ್ನು ಕಾಣದ ಹೊಸ ರಾಣಿ. ಗೂಡು ಬಲವಾಗಿದ್ದರೆ ಇಂಥ ಮರಿಪಾಲುಗಳು ಎರಡು ಮೂರು ಹೋಗಬಹುದು. ಪ್ರತಿಯೊಂದರಿಂದಲೂ ಮೂಲ ಮನೆ ಬಡವಾಗುತ್ತ ಹೋಗುವದು. ಜೇನು ಬಲ್ಲವರು ಮೊದಲ ಪಾಲಿನ ತರುವಾಯ ಒಂದೆರಡು ಒಳ್ಳೆಯ ರಾಣಿಕೋಶಗಳನ್ನುಳಿಸಿ ಮಿಕ್ಕವನ್ನು ಕತ್ತರಿಸಿಬಿಡುವದು ಇದಕ್ಕಾಗಿಯೇ. ನಮಗೆ ಅಂದು ಈ ಬುದ್ಧಿಯಿರಲಿಲ್ಲ.

ಒಂಬತ್ತನೆಯ ದಿನ ಪೆಟ್ಟಿಗೆ ತೆಗೆದಾಗ ಏಳು ಕೋಶಗಳೂ ಬರಿದಾಗಿದ್ದವು. ಆದರೆ ಎಲ್ಲವೂ ಒಂದೇ ರೀತಿ ಬರಿದಾಗಿರಲಿಲ್ಲ. ಎರಡು ಕೋಶಗಳ ತುದಿಯನ್ನು ದುಂಡಗೆ ಕತ್ತರಿಸಿ, ಮುಚ್ಚಳ ಬಾಗಿಲಿನಂತೆ ಜೋತುಬಿದ್ದಿತ್ತು. ಅಲ್ಲಿಂದ ರಾಣಿಯರು ತಾವಾಗಿಯೇ ಹೊರಬಂದಿದ್ದರು. ಉಳಿದ ಐದು ಕೋಶಗಳ ಮಗ್ಗುಲು ಹರಿದಿತ್ತು. ಹೊರಬಂದ ರಾಣಿ ತನ್ನ ಅಕ್ಕತಂಗಿಯರ ಕೋಶಗಳನ್ನು ಮಗ್ಗುಲಿನಿಂದ ಕಡಿದು, ಒಳಗಿದ್ದಂತೆಯೇ ಅವರನ್ನು ಚುಚ್ಚಿ ಕೊಲ್ಲುವಳು. ದುಡಿಯುವ ಹುಳಗಳು ಶವವನ್ನು ಎಳೆದುಹಾಕುವವು. ರಾಣಿಯ ಮುಳ್ಳಿಗೆ ದುಡಿಯುವ ಹುಳದ ಮುಳ್ಳಿನಂಥ ದೊಡ್ಡ ಕೊಕ್ಕೆಗಳಿಲ್ಲವಾದ್ದರಿಂದ ಚುಚ್ಚಿ ಹಿಂದಕ್ಕೆ ತೆಗೆದುಕೊಳ್ಳಬಲ್ಲಳು. ಪೆಟ್ಟಿಗೆಯ ಬಾಗಿಲಲ್ಲಿ ಬಿಳಿಚಿಕೊಂಡ ಎರಡು ಉದ್ದನೆಯ ದೇಹಗಳು ಬಿದ್ದಿದ್ದವು. ಅಜ್ಜಿ ಅವನ್ನು ನೋಡಿ ಮಾತಾಡದೆ ಒಳಗೆ ಹೋದಳು.

ಜೇನುಗೂಡನ್ನು ತೋರಿಸಿ ಒಗ್ಗಟ್ಟಿನ ನೀತಿ ಹೇಳುವ ರೂಢಿ ನಮ್ಮ ಶಾಲೆಯ ಪಾಠಗಳಲ್ಲಿ ಉಂಟು. ಹೇಳುವವರು ಈ ಒಂಬತ್ತನೆಯ ದಿನವನ್ನೂ ನೋಡಬೇಕೆಂದು ನನಗೆ ಅನಿಸಿತು.

ತತ್ತಿಯಿಲ್ಲದ ದಿನಗಳು

ಈಗ ಮನೆಯಲ್ಲಿ ಒಬ್ಬಳೇ ರಾಣಿ. ಆದರೆ ಅವಳಿನ್ನೂ ತಾಯಿಯಲ್ಲ. ಹುಟ್ಟಿದ ಸುಮಾರು ಐದರಿಂದ ಏಳು ದಿನಗಳ ಮೇಲೆ, ಬಿಸಿಲಿರುವ ಮಧ್ಯಾಹ್ನದ ಮೇಲೆ ಅವಳು ಗೂಡಿನಿಂದ ಹೊರಗೆ ಹಾರಬೇಕು. ಮೊದಲು ಮನೆಯ ಗುರುತು ಹಿಡಿಯಲು ಸಣ್ಣ ಸುತ್ತು. ಆ ಮೇಲೆ ಗಂಡು ಹುಳಗಳು ಗುಂಪಾಗಿ ಸುಳಿದಾಡುವ ಎತ್ತರಕ್ಕೆ. ಅಲ್ಲಿ ಹಾರುತ್ತಲೇ ಒಂದಲ್ಲ, ಹಲವು ಗಂಡುಗಳೊಡನೆ ಕೂಡುವಳು. ಕೂಡಿದ ಗಂಡು ಅಲ್ಲಿಯೇ ಸತ್ತು ಬೀಳುವದು. ಒಂದೆರಡು ಇಂಥ ಹಾರಾಟಗಳಲ್ಲಿ ಪಡೆದ ಬೀಜವನ್ನು ಹೊಟ್ಟೆಯ ಒಂದು ಚೀಲದಲ್ಲಿ ಕಾಪಾಡಿಕೊಂಡು ಬದುಕಿರುವವರೆಗೆ ತತ್ತಿಗಳಿಗೆ ಬಳಸುವಳು. ಕೂಟವು ಗೂಡಿನೊಳಗಲ್ಲ, ಹೊರಗಿನ ಆಕಾಶದಲ್ಲಿ ನಡೆಯುವದೆಂದು ಪ್ರಯೋಗಗಳಿಂದ ತೋರಿಸಿಕೊಟ್ಟವರಲ್ಲಿ ಜಿನೀವಾದ ಹ್ಯೂಬರ್ ಪ್ರಸಿದ್ಧನು. ಅವನು ಕುರುಡನು, ಬರ್ನೆನ್ಸ್ ಎಂಬ ಸೇವಕನ ಕಣ್ಣಿನಿಂದ ನೋಡಿ ೧೭೯೨ರಲ್ಲಿ ಆ ದೊಡ್ಡ ಪುಸ್ತಕವನ್ನು ಪ್ರಕಟಿಸಿದನು.

ಈ ಒಂದು ಹಾರಾಟದ ಮೇಲೆ ಇಡೀ ಮನೆಯ ಭವಿಷ್ಯ ನಿಂತಿದೆ. ನಮ್ಮ ಹಿತ್ತಲಿನ ವಿದ್ಯುತ್ ತಂತಿಯ ಮೇಲೆ ಕಳ್ಳಿಪೀರ ಹಕ್ಕಿಗಳು ದಿನಾಲೂ ಬಂದು ಕೂಡುತ್ತಿದ್ದವು. ಹಾರುವ ಜೇನನ್ನು ಗಾಳಿಯಲ್ಲಿಯೇ ಹಿಡಿದು, ತಂತಿಗೆ ಬಡಿದು ನುಂಗುತ್ತಿದ್ದವು. ಆ ಹಕ್ಕಿಗೆ ರಾಣಿ ಯಾರು, ಆಳು ಯಾರು? ರಾಣಿ ತಿರುಗಿ ಬರದಿದ್ದರೆ ಗೂಡಿಗೆ ಎರಡನೆಯ ಅವಕಾಶವಿಲ್ಲ. ಬೇರೆ ದಿನಗಳಲ್ಲಿ ರಾಣಿ ಸತ್ತರೆ ಹುಳಗಳು ಎಳೆಯ ಮರಿಯೊಂದನ್ನು ಆಯ್ದು, ಆ ರಸ ಉಣಿಸಿ, ಹೊಸ ರಾಣಿಯನ್ನು ಮಾಡಿಕೊಳ್ಳುತ್ತವೆ. ಈಗ ಹಾಗೆ ಮಾಡಲು ಎಳೆಯ ಮರಿಯೇ ಇಲ್ಲ. ಹಳೆಯ ತಾಯಿ ಇಟ್ಟುಹೋದ ತತ್ತಿಗಳೆಲ್ಲ ಬೆಳೆದು ಮುಚ್ಚಳ ಕಂಡಿವೆ. ಆಗ ಕೆಲವು ದುಡಿಯುವ ಹುಳಗಳೇ ತತ್ತಿಯಿಡಲು ತೊಡಗುವವು. ಒಂದು ಕೋಶದಲ್ಲಿ ನಾಲ್ಕಾರು ತತ್ತಿ, ಅಡ್ಡಾದಿಡ್ಡಿಯಾಗಿ. ಅವು ಗಂಡನ್ನು ಕೂಡಿದವಲ್ಲ. ಆದ್ದರಿಂದ ಆ ತತ್ತಿಗಳಿಂದ ಬರುವವು ಗಂಡು ಹುಳ ಮಾತ್ರ. ದುಡಿಯುವವರು ಹುಟ್ಟದ ಮನೆ ಕೆಲವು ವಾರಗಳಲ್ಲಿ ತಾನಾಗಿಯೇ ಆರಿಹೋಗುವದು. ಬೇರೊಂದು ಪೆಟ್ಟಿಗೆಯಿಂದ ಎಳೆಯ ತತ್ತಿಯ ಎರಿಯನ್ನು ತಂದು ಕಾಲಕ್ಕೆ ಸರಿಯಾಗಿ ಕೊಡುವದೊಂದೇ ಪರಿಹಾರ. ನಮ್ಮಲ್ಲಿ ಎರಡನೆಯ ಪೆಟ್ಟಿಗೆ ಇರಲಿಲ್ಲ.

ರಾಣಿ ಹಾರಿದ್ದನ್ನು ನಾನು ಕಂಡೆನೆಂದು ಸುಳ್ಳು ಹೇಳಲಾರೆ. ಆ ದಿನಗಳಲ್ಲಿ ಪೆಟ್ಟಿಗೆ ತೆಗೆಯಬಾರದು. ಹೊಸ ರಾಣಿ ಬಹಳ ಅಂಜುಬುರುಕಿ, ಬೆಳಕು ಬಿದ್ದರೆ ಹಾರಿಹೋದಾಳು, ಇಲ್ಲವೇ ಹೊರಗೆ ಹೋದವಳಿಗೆ ಮನೆಯ ಗುರುತು ತಪ್ಪೀತು ಎಂದು ಓದಿದ್ದೆ. ಕಾಲೇಜಿನಿಂದ ಬಂದವನು ಹೊತ್ತು ಮುಳುಗುವವರೆಗೆ ದೂರದಲ್ಲಿ ಕೂತು ಹಕ್ಕಿಗಳನ್ನು ಬೆದರಿಸುತ್ತಿದ್ದೆ.

ಹದಿನಾರನೆಯ ದಿನ ಕಾಕಾ ಕೇಳಲಿಲ್ಲ, ಮುಚ್ಚಳ ತೆಗೆದನು. ಒಂದು ತತ್ತಿಯೂ ಕಾಣಲಿಲ್ಲ. ಮುಚ್ಚಿದ ಮರಿ ಅಂಗೈಯಗಲ ಮಾತ್ರ ಉಳಿದಿತ್ತು. ಮರಿಗಳಿದ್ದ ಕೋಶಗಳಲ್ಲಿ ಹುಳಗಳು ಮಕರಂದ ತುಂಬಿಸತೊಡಗಿದ್ದವು. ಕಾಕಾ ಹೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ: "ನಾಳೆ ಹುಳಾ ಸತ್ತು ಮೇಣದ ಹುಳಾ ಬಿತ್ತಂದ್ರ ಇದ್ದ ತುಪ್ಪಾನೂ ಹೋಕ್ಕೈತಿ. ಈಗ ಹಿಂಡಿ ಇಬ್ಬರೂ ಅರ್ಧಾ ಅರ್ಧಾ ತಗೊಳ್ಳೂಣು." ಮೇಣದ ಪತಂಗ ನಿಜವಾಗಿಯೂ ದೊಡ್ಡ ವೈರಿ. ಹುಳ ತೆಳುವಾದ ಗೂಡನ್ನು ಹೊಕ್ಕು ಅದರ ಮರಿಗಳು ಎರಿಯನ್ನೆಲ್ಲ ತಿಂದು ಜೇಡರಬಲೆಯಂತೆ ಮಾಡಿಬಿಡುತ್ತವೆ. ಅಪ್ಪ ಸುಮ್ಮನಿದ್ದನು. ಪಾಲಿನ ಮನೆಯಲ್ಲಿ ಅಣ್ಣನಾದವನು ತಮ್ಮನ ಮಾತಿಗೆ ಎದುರಾಡಲು ಹಿಂಜರಿಯುವದು ಸಹಜ.

ನಾನು ನೋಟುಬುಕ್ಕು ತಂದು ಲೆಕ್ಕ ತೋರಿಸಿದೆನು. ರಾಣಿ ಹುಟ್ಟಿದ್ದು ಎಂಟನೆಯ ದಿನದ ಸುಮಾರಿಗೆ. ಹಾರಾಟಕ್ಕೆ ಒಂದು ವಾರ. ಹಾರಾಟವಾದ ಎರಡು ಮೂರು ದಿನಕ್ಕೆ ತತ್ತಿ. ಅಂದರೆ ಹದಿನಾರನೆಯ ದಿನ ತತ್ತಿಯಿಲ್ಲದಿರುವದು ಕೇಡಿನ ಗುರುತಲ್ಲ, ಇದ್ದಿದ್ದರೇ ಆಶ್ಚರ್ಯ. ಅಜ್ಜಿಗೆ ಅಂಕೆಗಳು ತಿಳಿಯಲಿಲ್ಲ. ಆದರೆ ಅವಳು ಹೇಳಿದಳು: "ಬಾಣಂತಿ ಮನ್ಯಾಗ ಅವಸರ ಮಾಡಬಾರದ್ರೋ. ಹುಡುಗ ಲೆಕ್ಕಾ ಬರದಿಟ್ಟಾನ. ಹೋಳಿ ಹುಣ್ಣಿಮಿ ತನಕ ಇರ್ಲಿ ಬಿಡ್ರಿ."

ಹೋಳಿಗೆ ಐದೇ ದಿನಗಳಿದ್ದವು. ಓಣಿಯ ಹುಡುಗರು ಕಾಮನಿಗೆ ಕಟ್ಟಿಗೆ ಕದಿಯಲು ರಾತ್ರಿಯೆಲ್ಲ ತಿರುಗುತ್ತಿದ್ದುದರಿಂದ ಪೆಟ್ಟಿಗೆಯ ಮಗ್ಗುಲಲ್ಲಿ ಹೊರಸು ಹಾಕಿ ಮಲಗಿದೆನು.

ಈ ತತ್ತಿಯಿಲ್ಲದ ದಿನಗಳು ಬರಿಯ ಬಡತನವಲ್ಲವೆಂಬುದನ್ನು ಆ ಮೇಲೆ ತಿಳಿದೆನು. ಸಾಕಲು ಮರಿಯಿಲ್ಲದಾಗ ಎಳೆಯ ಹುಳಗಳ ಮೈ ಸವೆಯುವದಿಲ್ಲ. ಅವು ಎಂದಿಗಿಂತ ಹೆಚ್ಚು ದಿನ ಬದುಕಿ, ಹೊಸ ತಾಯಿಯ ಮಕ್ಕಳನ್ನು ಸಾಕಲು ಉಳಿಯುತ್ತವೆ. ಇನ್ನೊಂದು ಲಾಭವೂ ಉಂಟು. ೧೯೯೧-೯೨ರ ಸುಮಾರಿಗೆ ದಕ್ಷಿಣ ಭಾರತದ ತುಡುವೆಗಳಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವಿಷಾಣು ರೋಗ ಹರಡಿ, ಬಹುಪಾಲು ಪೆಟ್ಟಿಗೆಗಳು ಬರಿದಾದವು. ಎಷ್ಟೋ ಊರುಗಳಲ್ಲಿ ಜೇನು ಸಾಕುವ ಪದ್ಧತಿಯೇ ನಿಂತಿತು. ಅದು ಮರಿಗಳನ್ನು ಚೀಲದಂತೆ ಮಾಡಿ ಕೊಲ್ಲುವ ರೋಗ. ಗೂಡಿನಲ್ಲಿ ಮರಿಯೇ ಇಲ್ಲದ ಕೆಲವು ವಾರಗಳಲ್ಲಿ ಅಂಥ ರೋಗಕ್ಕೆ ನೆಲೆ ತಪ್ಪುತ್ತದೆ, ಹುಳಗಳಿಗೆ ಕೋಶಗಳನ್ನು ಒರೆಸಿ ಚೊಕ್ಕಟ ಮಾಡಲು ಬಿಡುವು ಸಿಗುತ್ತದೆ. ಅದಕ್ಕಾಗಿಯೇ ರೋಗ ಕಂಡಾಗ ರಾಣಿಯನ್ನು ಕೆಲವು ದಿನ ತತ್ತಿಯಿಡದಂತೆ ತಡೆಯುವ ಉಪಾಯವನ್ನು ಜೇನು ಸಾಕುವವರು ಬಳಸುತ್ತಾರೆ. ಪಾಲು ಹೋದ ಗೂಡಿಗೆ ಈ ಉಪಾಯ ನಿಸರ್ಗದಿಂದಲೇ ಬಂದಿದೆ.

ಇಪ್ಪತ್ತೊಂದನೆಯ ದಿನ

ಹೋಳಿ ಹುಣ್ಣಿಮೆಯ ಬೆಳಿಗ್ಗೆ, ಬಣ್ಣದವರು ಬರುವ ಮೊದಲೇ, ಅಪ್ಪ, ಕಾಕಾ, ನಾನು ಮೂವರೂ ಪೆಟ್ಟಿಗೆಯ ಹತ್ತಿರ ನಿಂತೆವು. ಮೊದಲ ಎರಡು ಚೌಕಟ್ಟುಗಳಲ್ಲಿ ಏನೂ ಇರಲಿಲ್ಲ. ಹಳೆಯ ಮರಿ ಒಂದೂ ಉಳಿದಿರಲಿಲ್ಲ. ಮೂರನೆಯ ಚೌಕಟ್ಟನ್ನು ಸೂರ್ಯನಿಗೆ ಬೆನ್ನು ಮಾಡಿ ಹಿಡಿದು, ಕೋಶಗಳ ತಳಕ್ಕೆ ಬೆಳಕು ಬೀಳುವಂತೆ ವಾರೆ ಮಾಡಿದೆನು. ತಳದಲ್ಲಿ ಬಿಳಿ ದಾರದ ತುಣುಕಿನಂಥ ತತ್ತಿಗಳು! ಕಾಕಾನಿಗೆ ಕಾಣಲಿಲ್ಲ, ಮೊಬೈಲಿನ ದೀಪ ಹಚ್ಚಿ ತೋರಿಸಿದೆನು. ಕೋಶಕ್ಕೊಂದೇ ತತ್ತಿ, ಸರಿಯಾಗಿ ನಡುವಿನಲ್ಲಿ. ಇ�ಟ್ಟ ದಿನ ತತ್ತಿ ನೆಟ್ಟಗೆ ನಿಂತಿರುವದು, ಎರಡನೆಯ ದಿನ ಬಾಗುವದು, ಮೂರನೆಯ ದಿನ ಮಲಗುವದು. ಅಲ್ಲಿ ನಿಂತವೂ ಇದ್ದವು, ಬಾಗಿದವೂ ಇದ್ದವು, ಮಲಗಿದವೂ ಇದ್ದವು. ಅಂದರೆ ತಾಯಿ ಮೂರು ದಿನದಿಂದ ಕೆಲಸಕ್ಕೆ ತೊಡಗಿದ್ದಳು. ಹದಿನೆಂಟನೆಯ ದಿನದ ಲೆಕ್ಕ ಸರಿಹೋಯಿತು.

ಕಾಕಾ ಮುಚ್ಚಳವನ್ನು ತಾನೇ ಮೆಲ್ಲಗೆ ಮುಚ್ಚಿದನು. ತುಪ್ಪ ಹಿಂಡುವ ಮಾತು ಮತ್ತೆ ಬರಲಿಲ್ಲ.

ಆದರೂ ಗಂಡಾಂತರ ಅಂದಿಗೇ ಮುಗಿದಿರಲಿಲ್ಲ. ಹೊಸ ತಾಯಿಯ ಮೊದಲ ತತ್ತಿ ಹುಳವಾಗಿ ಬರಲು ಇನ್ನೂ ಎರಡು ವಾರಕ್ಕೂ ಮಿಕ್ಕಿ ದಿನ ಬೇಕು. ಅಷ್ಟರಲ್ಲಿ ಹಳೆಯ ತಾಯಿಯ ಮಕ್ಕಳು ಸಾಯುತ್ತಲೇ ಇರುವರು. ಆದ್ದರಿಂದ ಗೂಡು ಅತ್ಯಂತ ಬಡವಾಗಿ ಕಾಣುವದು ಪಾಲು ಹೋದಂದಲ್ಲ, ಅದಾದ ಐದು ವಾರಗಳ ಮೇಲೆ. ಹೊಸಬರಲ್ಲಿ ಬಹಳ ಜನ ಪೆಟ್ಟಿಗೆ ಕೈಬಿಡುವದು ಇದೇ ಹೊತ್ತಿನಲ್ಲಿ. ನಾವು ಸಂಜೆಯ ಹೊತ್ತು ಸಕ್ಕರೆಯ ಪಾಕ ಇಟ್ಟೆವು, ಪೆಟ್ಟಿಗೆಯ ಕಾಲುಗಳನ್ನು ಇರುವೆ ಹತ್ತದಂತೆ ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿದೆವು, ಬಾಗಿಲನ್ನು ಕಿರಿದು ಮಾಡಿದೆವು. ಕೆಲಸ ಮುಗಿದ ಗಂಡು ಹುಳಗಳನ್ನು ದುಡಿಯುವ ಹುಳಗಳು ಬಾಗಿಲಿನಿಂದ ಹೊರಕ್ಕೆ ದೂಡುತ್ತಿದ್ದವು. ಯುಗಾದಿಯಾದ ಎರಡು ದಿನಕ್ಕೆ, ಎಂದರೆ ಮೂವತ್ತೆಂಟನೆಯ ದಿನ, ಬೂದುಬಣ್ಣದ ತುಪ್ಪಳದ ಎಳೆಯ ಹುಳವೊಂದು ಮುಚ್ಚಳ ಕಡಿದು ತಲೆ ಹೊರಹಾಕುವದನ್ನು ಕಂಡೆನು. ಹೊಂಗೆ ಬೇವು ಹೂ ಬಿಡುವ ಹೊತ್ತಿಗೆ ಪೆಟ್ಟಿಗೆ ಮತ್ತೆ ತುಂಬುತ್ತ ಬಂದಿತು.

ಪೆಟ್ಟಿಗೆ ಯಾರ ಪಾಲಿಗೆ?

ನಮ್ಮ ಜಿಲ್ಲೆಗೆ ಈ ಅಭ್ಯಾಸ ಬರಿಯ ಕುತೂಹಲದ್ದಲ್ಲ. ಸೂರ್ಯಕಾಂತಿಯ ಕಾಳು ಗಟ್ಟಿಯಾಗಲು, ಉಳ್ಳಾಗಡ್ಡಿಯ ಬೀಜ ಕಟ್ಟಲು ಜೇನು ಬೇಕು. ರಾಣೆಬೆನ್ನೂರ ಕಡೆಯ ಬೀಜೋತ್ಪಾದನೆಯ ಹೊಲಗಳಲ್ಲಿ ಹೆಣ್ಣುಮಕ್ಕಳು ಹೂವಿನಿಂದ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವದನ್ನು ನೋಡಿದವರಿಗೆ, ಒಂದು ಹುಳ ಪುಕ್ಕಟೆಯಾಗಿ ಮಾಡುವ ಕೆಲಸದ ಬೆಲೆ ಎಷ್ಟೆಂಬುದು ತಿಳಿದೀತು. ಪಾಲು ಹೋದ ಪೆಟ್ಟಿಗೆಯನ್ನು ಹಾಳೆಂದು ಹಿಂಡಿಬಿಡುವವನು ಬಾಟಲಿ ತುಪ್ಪಕ್ಕಾಗಿ ಇಷ್ಟನ್ನೆಲ್ಲ ಕಳೆದುಕೊಳ್ಳುವನು. ಮೂರು ವಾರ ದಿನ ಎಣಿಸುತ್ತ ಕಾಯುವದು, ಎಣಿಸದೆ ಗಾಬರಿಯಾಗದಿರುವದು—ನಾನು ಕಲಿತ ಪಾಠವೆಂದರೆ ಇಷ್ಟೇ.

ಆ ಬೇಸಿಗೆಯಲ್ಲಿ ನಮ್ಮ ಮನೆಯ ಪಾಲೂ ಆಯಿತು. ನಾವು ಸ್ಟೇಶನ್ ರಸ್ತೆಯ ಕಡೆಗೆ ತಗಡಿನ ಮನೆಯೊಂದಕ್ಕೆ ಹೋಗುವದೆಂದು ಗೊತ್ತಾಯಿತು. ಅಜ್ಜಿ ಯಾರ ಪಾಲಿಗೆ ಎಂದು ಕೇಳಲು ಹಿರಿಯರು ಸಂಕೋಚಪಡುತ್ತಿದ್ದಾಗ ಅವಳೇ ಎದ್ದು ತನ್ನ ಟ್ರಂಕು ತೆಗೆದುಕೊಂಡು ನಮ್ಮೊಡನೆ ಹೊರಟಳು. "ಸಣ್ಣಾವನ ಮಕ್ಕಳು ಇನ್ನೂ ಕೂಸು. ಕಟ್ಟಿದ ಮನಿ ಅವ್ರಿಗೆ ಇರ್ಲಿ" ಎಂದಷ್ಟೇ ಹೇಳಿದಳು. ಅವಳಿಗೆ ಜೇನಿನ ಶಾಸ್ತ್ರ ಗೊತ್ತಿರಲಿಲ್ಲ.

ಪೆಟ್ಟಿಗೆಯ ಪ್ರಶ್ನೆಯನ್ನು ಹುಳಗಳೇ ಬಿಡಿಸಿದವು. ಜೇನುಪೆಟ್ಟಿಗೆಯನ್ನು ಕೆಲವೇ ಅಡಿ ಸರಿಸಬಹುದು, ಇಲ್ಲವೇ ಕೆಲವು ಮೈಲಿ ದೂರ ಒಯ್ಯಬಹುದು. ನಡುವಿನ ದೂರಕ್ಕೆ ಒಯ್ದರೆ ಮೇಯಲು ಹೋದ ಹುಳಗಳು ಹಳೆಯ ಜಾಗಕ್ಕೇ ತಿರುಗಿ ಬಂದು, ಮನೆ ಕಾಣದೆ ಸಾಯುವವು. ನಮ್ಮ ಹೊಸ ಮನೆ ಅಲ್ಲಿಂದ ಎರಡು ಫರ್ಲಾಂಗೂ ಇಲ್ಲ. ಆದ್ದರಿಂದ ಪೆಟ್ಟಿಗೆ ಕಾಕಾನ ಹಿತ್ತಲಿನಲ್ಲಿಯೇ ಉಳಿಯಿತು. ಪ್ರತಿ ರವಿವಾರ ನಾನು ನೋಟುಬುಕ್ಕು ಹಿಡಿದು ಅಲ್ಲಿಗೆ ಹೋಗುತ್ತೇನೆ. ಕಾಕಾ ಚಹಾ ಕುಡಿಸಿ, "ಈ ವಾರ ನಿನ್ನ ಲೆಕ್ಕದಾಗ ಏನೈತೋ ತಮ್ಮಾ?" ಎಂದು ಕೇಳಿ, ಮುಚ್ಚಳ ತೆಗೆಯಲು ತಾನೂ ಮಗ್ಗುಲಲ್ಲಿ ಬಂದು ನಿಲ್ಲುತ್ತಾನೆ.